ಛಾಪಾ ಕಾಗದದ ಹಿಂದಿನ ಕಥೆ

ಮನೆಗೆ ಎರಡು ಬೆಲೆಗಳುಂಟು. ಒಂದು, ಮಾರುವವನು ಹೇಳುವುದು. ಇನ್ನೊಂದು, ನೋಂದಣಿ ಕಚೇರಿಗೆ ಹೋದಾಗ ತಿಳಿಯುವುದು. ಮೊದಲನೆಯದಕ್ಕೆಂದು ವರ್ಷಗಟ್ಟಲೆ ಕಾಸಿಗೆ ಕಾಸು ಕೂಡಿಸಿಟ್ಟವರು ಎರಡನೆಯದನ್ನು ಕೇಳಿ ತಬ್ಬಿಬ್ಬಾಗುತ್ತಾರೆ. ಕೊಟ್ಟವನು ಅವನು, ಕೊಂಡವನು ನಾನು. ನಡುವೆ ಸರ್ಕಾರಕ್ಕೆ ಲಕ್ಷಗಟ್ಟಲೆ ಏಕೆ ತೆರಬೇಕು ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಉತ್ತರ ಮಾತ್ರ ಚರಿತ್ರೆಯಲ್ಲಿದೆ.

ಹಿಂದಿನ ಕಾಲದಲ್ಲಿ ನಮ್ಮವರು ನೆಲದ ದಾನವನ್ನೂ ಕ್ರಯವನ್ನೂ ಕಲ್ಲಿನ ಮೇಲೆ, ತಾಮ್ರಪಟಗಳ ಮೇಲೆ ಬರೆಸುತ್ತಿದ್ದರು. ನಾಲ್ಕು ಎಲ್ಲೆಗಳನ್ನು ಹೇಳಿ, ಸಾಕ್ಷಿಗಳ ಹೆಸರು ಬರೆಸಿ, ಕಲ್ಲನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಗುಡಿಯ ಬಳಿಯಲ್ಲೋ ಹೊಲದ ಅಂಚಿನಲ್ಲೋ ನಿಲ್ಲಿಸುತ್ತಿದ್ದರು. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳ ಮಾತು ವಿಜಯನಗರ ಕಾಲದ ಶಾಸನಗಳಲ್ಲಿ ಬರುತ್ತದೆ. ಇಂದಿಗೂ ಎಷ್ಟೋ ಕ್ರಯಪತ್ರಗಳಲ್ಲಿ ಪತ್ರ ಬರಹಗಾರರು ಅದನ್ನೇ ಬರೆಯುತ್ತಾರೆ. ನಾಲ್ವರ ಎದುರಿಗೆ ಆದ ವ್ಯವಹಾರವೇ ನಂಬಿಕೆಯ ವ್ಯವಹಾರ ಎಂಬುದು ಅಂದಿನ ತಿಳಿವಳಿಕೆ.

ಕಾಗದಕ್ಕೆ ಮುದ್ರೆಯೊತ್ತಿ ತೆರಿಗೆ ಪಡೆಯುವ ಉಪಾಯ ಬೇರೆ ಕಡೆಯಿಂದ ಬಂದಿತು. 1624ರಲ್ಲಿ ಹಾಲೆಂಡಿನಲ್ಲಿ ಇದು ಮೊದಲಾಯಿತು. ಇಂಗ್ಲೆಂಡು ಇದನ್ನು 1694ರಲ್ಲಿ, ಫ್ರಾನ್ಸಿನ ಮೇಲಣ ಯುದ್ಧದ ಖರ್ಚಿಗೆಂದು, ಕೇವಲ ನಾಲ್ಕು ವರ್ಷಗಳ ಅವಧಿಗೆ ತಂದಿತು. ಯುದ್ಧ ಮುಗಿಯಿತು, ತೆರಿಗೆ ಮುಗಿಯಲಿಲ್ಲ. 1765ರಲ್ಲಿ ಇಂಥದೇ ತೆರಿಗೆಯನ್ನು ಅಮೆರಿಕದ ವಸಾಹತುಗಳ ಮೇಲೆ ಹೇರಿದಾಗ ಜನ ದಂಗೆಯೆದ್ದರು. ಮರುವರ್ಷವೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನಮ್ಮ ದೇಶದಲ್ಲಿ ಈಸ್ಟ್ ಇಂಡಿಯಾ ಕಂಪನಿಯು 1797ರಲ್ಲಿ ಇದನ್ನು ಬಂಗಾಳದಲ್ಲಿ ಜಾರಿಗೆ ತಂದಿತು. ರದ್ದಾದ ಪೊಲೀಸ್ ತೆರಿಗೆಯ ನಷ್ಟವನ್ನು ತುಂಬಿಕೊಳ್ಳುವುದು ಅದರ ಉದ್ದೇಶ. ಹುಟ್ಟಿನಿಂದಲೇ ಇದು ಬೊಕ್ಕಸದ ಕೂಸು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾನೂನು, ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ನೋಂದಾಯಿತ ಪತ್ರದಿಂದಲೇ ಆಗಬೇಕೆಂದು ವಿಧಿಸಿತು. 1899ರ ಸ್ಟಾಂಪು ಕಾನೂನಿನ ಪ್ರಕಾರ, ಸರಿಯಾದ ಮುದ್ರಾಂಕವಿಲ್ಲದ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸದು. ಕಡಿಮೆಯಾದ ಶುಲ್ಕವನ್ನೂ ಅದರ ಹತ್ತರಷ್ಟು ದಂಡವನ್ನೂ ತೆರಬೇಕಾಗಬಹುದು. 1908ರ ನೋಂದಣಿ ಕಾನೂನು ಕ್ರಯಪತ್ರದ ನಕಲನ್ನು ಸರ್ಕಾರದ ಪುಸ್ತಕದಲ್ಲಿರಿಸಿ, ಯಾರು ಬೇಕಾದರೂ ಶುಲ್ಕ ಕೊಟ್ಟು ನೋಡಬಹುದೆಂದಿತು. ಗುಡಿಯ ಬಳಿಯ ಕಲ್ಲು ಕಚೇರಿಯ ಪುಸ್ತಕವಾಯಿತು ಅನ್ನೋಣ. ಕನ್ನಡ ಪ್ರದೇಶಗಳು ಒಂದುಗೂಡಿದ ಮರುವರ್ಷ, 1957ರಲ್ಲಿ, ಮೈಸೂರು ಸ್ಟಾಂಪು ಕಾನೂನು ಬಂದಿತು. ಇಂದಿನ ಕರ್ನಾಟಕ ಕಾನೂನು ಅದೇ.

ಆದುದರಿಂದ ನಾವು ತೆರುವುದು ಎರಡು ಬಗೆಯ ಹಣ. ಮುದ್ರಾಂಕ ಶುಲ್ಕ ತೆರಿಗೆ. ನೋಂದಣಿ ಶುಲ್ಕ ಪುಸ್ತಕದಲ್ಲಿ ಬರೆಯಿಸುವುದರ ವೆಚ್ಚ. ಬೇರೆ ಕರಾರಿಲ್ಲದಿದ್ದರೆ ಮುದ್ರಾಂಕದ ಹೊರೆ ಕೊಳ್ಳುವವನದೇ. ಕರ್ನಾಟಕದಲ್ಲಿ 2025ರಲ್ಲಿದ್ದ ದರದಂತೆ ಒಂದು ಲೆಕ್ಕ ಹಾಕಿ ನೋಡಿ. ನಗರದ ಮನೆಯ ಬೆಲೆ 50 ಲಕ್ಷ. ಮುದ್ರಾಂಕ ನೂರಕ್ಕೆ 5ರಂತೆ ಎರಡೂವರೆ ಲಕ್ಷ. ಆ ಶುಲ್ಕದ ಮೇಲೆ ನೂರಕ್ಕೆ 10 ಸೆಸ್, 2 ಸರ್‌ಚಾರ್ಜು: ಮೂವತ್ತು ಸಾವಿರ. ನೋಂದಣಿ ಶುಲ್ಕ ಆ ವರ್ಷದ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೇರಿತು: ಒಂದು ಲಕ್ಷ. ಒಟ್ಟು 3 ಲಕ್ಷ 80 ಸಾವಿರ. ಇದು ಕೈಯಿಂದಲೇ ಹೊರಡಬೇಕಾದ ಹಣ. ಸಾಲದ ಮಿತಿಯನ್ನು ಗೊತ್ತುಮಾಡುವಾಗ ಈ ಶುಲ್ಕಗಳನ್ನು ಮನೆಯ ಬೆಲೆಯಲ್ಲಿ ಸೇರಿಸಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ತಿಳಿಸಿತು. 2015ರಲ್ಲಿ ಹತ್ತು ಲಕ್ಷದವರೆಗಿನ ಮನೆಗಳಿಗೆ ಮಾತ್ರ ಇದನ್ನು ಸಡಿಲಿಸಿತು.

ಹೊರೆ ಹೆಚ್ಚಾದಲ್ಲಿ ತಪ್ಪಿಸಿಕೊಳ್ಳುವ ದಾರಿಗಳೂ ಹುಟ್ಟುತ್ತವೆ. ಪತ್ರದಲ್ಲಿ ಬೆಲೆ ಕಡಿಮೆ ಬರೆಸುವುದು ಒಂದು. ಇದನ್ನು ತಡೆಯಲೆಂದೇ ಸರ್ಕಾರ ಮಾರ್ಗಸೂಚಿ ಬೆಲೆ ಗೊತ್ತುಮಾಡಿತು. ಕ್ರಯಪತ್ರವನ್ನೇ ಮಾಡಿಸದೆ, ಜನ ಜಿ.ಪಿ.ಎ. ಎನ್ನುವ ಅಧಿಕಾರಪತ್ರವನ್ನು ಬರೆಸಿಕೊಂಡು ಮನೆ ಹೊಕ್ಕುವುದು ಇನ್ನೊಂದು. ಅಂಥ ಪತ್ರದಿಂದ ಸ್ವತ್ತಿನ ಒಡೆತನ ಬರುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು. ಶುಲ್ಕ ಉಳಿಸಿದವನ ಗೋಡೆ, ಚಾವಣಿ, ಬಾಗಿಲು ಎಲ್ಲ ಇರುತ್ತವೆ. ಕಾನೂನಿನ ಕಣ್ಣಿಗೆ ಮಾತ್ರ ಅವನು ಒಡೆಯನಲ್ಲ.

ಹಾಗೆಂದು ಶುಲ್ಕ ತೆತ್ತ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ನೋಂದಣಾಧಿಕಾರಿ ದಾಖಲು ಮಾಡುವುದು ಪತ್ರವನ್ನು. ಮಾರಿದವನಿಗೆ ಹಕ್ಕು ಇತ್ತೆಂದು ಅವನು ಹೊಣೆ ನಿಲ್ಲುವುದಿಲ್ಲ. ಮುಂಗಡ ಕೊಡುವುದಕ್ಕೆ ಮುಂಚೆಯೇ ಋಣಭಾರ ಪತ್ರ ತೆಗೆಸಿ, ಮೂಲಪತ್ರಗಳನ್ನು ತಿಳಿದವರಿಗೆ ತೋರಿಸಿ, ಚಕ್ಕುಬಂದಿಯನ್ನು ಸ್ಥಳದಲ್ಲಿ ನಿಂತು ನೋಡಿ. ದರಗಳು ಬದಲಾಗುತ್ತಲೇ ಇರುತ್ತವೆ. ಅಂದಿನ ದರವನ್ನು ಕಚೇರಿಯಲ್ಲಿ ಕೇಳಿ, ಆ ಹಣವನ್ನು ಮೊದಲೇ ಬೇರೆ ತೆಗೆದಿಡಿ. ಉಳಿದುದೆಷ್ಟೋ ಅಷ್ಟು ಬೆಲೆಯ ಮನೆಯನ್ನೇ ಹುಡುಕಿ.