ಕೋಳಿ ಜಾಲರಿಯ ಛತ್ರಿ

ಕರ್ನಾಟಕದಲ್ಲಿ ಟೀವಿ ಮೊದಲು ಎಲ್ಲಿಗೆ ಬಂತು ಅಂತ ಯಾರನ್ನಾದರೂ ಕೇಳಿ ನೋಡಿ. ಬೆಂಗಳೂರು ಅಂತಾರೆ. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಕೇಳಿದೆ, ಆರು ಮಂದಿಯೂ ಅದನ್ನೇ ಅಂದರು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ, ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಕುಂತು ಟೀವಿ ನೋಡುತ್ತಿದ್ದರು. ಅದೂ ಊರ ಪಕ್ಕದ ಟವರಿನಿಂದ ಬಂದ ಚಿತ್ರ ಅಲ್ಲ. ಆಕಾಶದಲ್ಲಿದ್ದ ಉಪಗ್ರಹದಿಂದ ನೇರ ಶಾಲೆಯ ಅಂಗಳಕ್ಕೆ, ಪಂಚಾಯ್ತಿ ಕಟ್ಟೆಗೆ ಬಂದದ್ದು.

'ಹಿಂದುಳಿದ' ಅನ್ನುವ ಶಬ್ದವನ್ನು ನಮ್ಮ ಭಾಗದ ಹೆಸರಿನ ಹಿಂದೆ ಬಾಲದ ಹಂಗ ಕಟ್ಟಿಬಿಟ್ಟಿದ್ದಾರೆ. ಅದಕ್ಕೇ ಈ ಕತೆ ಹೇಳಬೇಕು ಅನಿಸಿತು. ಬಾಹ್ಯಾಕಾಶ ಅಂದರೆ ಈಗ ಎಲ್ಲರಿಗೂ ನೆನಪಾಗೋದು ಚಂದ್ರಯಾನ, ಮಂಗಳಯಾನ. ಆದರೆ ಬಾಹ್ಯಾಕಾಶ ಕನ್ನಡದಲ್ಲಿ ಮೊದಲ ಸಲ ದಿನಾ ಮಾತಾಡಿದ್ದು ತೊಗರಿ, ಜೋಳ ಬೆಳೆಯೋ ನೆಲದ ಜನರ ಜೊತೆಗೆ.

ಆ ಯೋಜನೆಯ ಹೆಸರು ಸೈಟ್. ಉಪಗ್ರಹದ ಮೂಲಕ ಟೀವಿ ಪಾಠ ಹೇಳುವ ಪ್ರಯೋಗ. ವಿಕ್ರಮ್ ಸಾರಾಭಾಯ್ ಕಂಡ ಕನಸು ಅದು. ಇಸ್ರೋ ಹುಟ್ಟಿದ್ದು 1969ರ ಆಗಸ್ಟ್‌ನಲ್ಲಿ. ಅದರ ಮುಂದಿನ ತಿಂಗಳೇ ನಾಸಾ ಜೊತೆ ಈ ಪ್ರಯೋಗದ ಒಪ್ಪಂದ ಆಯಿತು. ಆಗ ನಮ್ಮದು ಅಂತ ಒಂದು ಉಪಗ್ರಹವೂ ಇರಲಿಲ್ಲ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೀವಿ ಕೊಡೋದು ಅಂತ ತೀರ್ಮಾನ. ಆರು ರಾಜ್ಯ ಅಂದರೆ ರಾಜಸ್ಥಾನ, ಬಿಹಾರ, ಒರಿಸ್ಸಾ, ಮಧ್ಯಪ್ರದೇಶ, ಆಂಧ್ರ ಮತ್ತು ಕರ್ನಾಟಕ. ಸಾರಾಭಾಯ್ 1971ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ನೋಡಲಿಲ್ಲ. ಸತೀಶ್ ಧವನ್ ಇಸ್ರೋ ಅಧ್ಯಕ್ಷರಾಗಿದ್ದಾಗ ಯಶ್ ಪಾಲ್, ಏಕನಾಥ್ ಚಿಟ್ನಿಸ್ ಅವರಂಥವರು ಅಹಮದಾಬಾದಿನಲ್ಲಿ ಕುಂತು ಅದನ್ನು ಮಾಡಿ ತೋರಿಸಿದರು.

ನನಗೆ ಈ ಕತೆಯ ಬಾಲ ಸಿಕ್ಕಿದ್ದು ಪುಸ್ತಕದಲ್ಲಿ ಅಲ್ಲ, ಬೀದರಿನ ಗಾಂಧಿ ಗಂಜಿನಲ್ಲಿ. ನಮ್ಮೂರು ಭಾಲ್ಕಿ ತಾಲ್ಲೂಕಿನಲ್ಲಿದೆ. ಉದ್ದು, ಹೆಸರು ರಾಶಿಯಾದ ಮೇಲೆ ಅಪ್ಪ ಚೀಲ ಹಾಕ್ಕೊಂಡು ಗಂಜಿಗೆ ಹೋಗೋದು ವಾಡಿಕೆ. ರಜೆಯಲ್ಲಿ ಊರಿಗೆ ಹೋದಾಗ ನಾನೂ ಜೊತೆಗೆ ಹೋಗ್ತೀನಿ. ತೂಕ ಆಗಿ, ಪಟ್ಟಿ ಬರೆಯೋ ತನಕ ಅಡತಿ ಅಂಗಡಿಯಲ್ಲಿ ಕುಂತಿರಬೇಕು. ಅಲ್ಲಿಯ ಮುನೀಮ ಕಾಕಾ ಗುಲ್ಬರ್ಗಾ ಜಿಲ್ಲೆಯ ಹಳ್ಳಿಯಿಂದ ಬಂದವರು. ಒಂದು ಸಲ ನಾನು ಮೊಬೈಲಿನಲ್ಲಿ ರಾಕೆಟ್ ಹಾರೋದನ್ನು ನೋಡುತ್ತಿದ್ದೆ. ಅವರು ಕನ್ನಡಕ ಏರಿಸಿಕೊಂಡು ಇಣುಕಿದರು.

"ತಮ್ಮಾ, ನಾ ಸಣ್ಣಾಂವ ಇದ್ದಾಗ ನಮ್ಮ ಸಾಲ್ಯಾಗ ದೊಡ್ಡ ಛತ್ರಿ ಹಾಕಿದ್ರು. ಕೋಳಿ ಗೂಡಿನ ಜಾಳಗಿ ಇರ್ತದಲ್ಲಾ, ಅದ್ರದ್ದು. ಅದ್ರಾಗ ಟೀವಿ ಬರ್ತಿತ್ತು."

"ಕಾಕಾ, ಆಗಿನ ಕಾಲದಾಗ ಡಿಶ್ ಎಲ್ಲಿದ್ವು?"

"ಇತ್ತೋ ಮಾರಾಯ. ಹೊತ್ತು ಮುಳುಗೋ ಕಡಿ ಮಾರಿ ಮಾಡಿ ನಿಂತಿತ್ತು."

ಆ ಕಡೆಯ ಮಾತು ನನ್ನ ತಲೆಯಲ್ಲಿ ಕುಂತುಬಿಟ್ಟಿತು. ಯಾಕಂದರೆ ಗಂಜಿನ ಮಾಳಿಗೆಗಳ ಮೇಲೆ ಈಗಿರೋ ಡಿಶ್‌ಗಳು ಪಡುವಣಕ್ಕೆ ನೋಡೋದಿಲ್ಲ. ದಕ್ಷಿಣಕ್ಕೋ ಆಗ್ನೇಯಕ್ಕೋ ಕತ್ತು ಮೇಲೆ ಎತ್ತಿರ್ತಾವೆ. ಭಾರತದ ಟೀವಿ ಉಪಗ್ರಹಗಳು ಇರೋದೇ ಆ ದಿಕ್ಕಿಗೆ. ಕಾಕಾನ ಛತ್ರಿ ಪಡುವಣಕ್ಕೆ ನೋಡಿದ್ದೇಕೆ?

ಇದನ್ನು ಪರೀಕ್ಷೆ ಮಾಡೋಕೆ ನನ್ನ ಹತ್ತಿರ ಒಂದು ಆಟ ಇತ್ತು. ಬಾಹ್ಯಾಕಾಶ ನೌಕೆ ಓಡಿಸೋ ಆಟಗಳ ಹುಚ್ಚು ನನಗೆ ಬಿಇ ಓದುವಾಗಿನಿಂದ. ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಇರೋದು ಕೆರ್ಬಿನ್ ಅನ್ನೋ ಪುಟ್ಟ ಗ್ರಹ. ಗುಲ್ಬರ್ಗಾ ಹುಡುಕಿದರೆ ಸಿಗೋದಿಲ್ಲ. ಮಾರ್ಟಿನ್ ಶ್ವೈಗರ್ ಅನ್ನೋರು 2000ದಲ್ಲಿ ಹೊರತಂದ ಆರ್ಬಿಟರ್ ಅನ್ನೋ ಉಚಿತ ಆಟದಲ್ಲಿ ನಿಜವಾದ ಭೂಮಿ, ನಿಜವಾದ ಗುರುತ್ವ ಇದೆ. ಅದರಲ್ಲಿ ಒಂದು ಉಪಗ್ರಹವನ್ನು ಎಟಿಎಸ್-6 ಇದ್ದ ಜಾಗದಲ್ಲಿ ಇಟ್ಟೆ. 35 ಡಿಗ್ರಿ ಪೂರ್ವ ರೇಖಾಂಶ, ಆಫ್ರಿಕಾದ ವಿಕ್ಟೋರಿಯಾ ಸರೋವರದ ಹತ್ತಿರದ ಆಕಾಶ. ಆಮೇಲೆ ಕಾಗದ ಪೆನ್ಸಿಲ್ ಹಿಡಿದು ಲೆಕ್ಕವನ್ನೂ ಹಾಕಿದೆ. ಗುಲ್ಬರ್ಗಾದಲ್ಲಿ ನಿಂತು ನೋಡಿದರೆ ಆ ಉಪಗ್ರಹ ಪಶ್ಚಿಮದಿಂದ ಸುಮಾರು 18 ಡಿಗ್ರಿ ಮಾತ್ರ ದಕ್ಷಿಣಕ್ಕೆ ವಾಲಿ, ನೆಲದಿಂದ ಸುಮಾರು 39 ಡಿಗ್ರಿ ಎತ್ತರದಲ್ಲಿ ಕಾಣಬೇಕು. ದೂರ 37,900 ಕಿ.ಮೀ. ಹತ್ತಿರ. ಚಳಿಗಾಲದಲ್ಲಿ ನಮ್ಮ ಕಡೆ ಹೊತ್ತು ಮುಳುಗೋದು ಹೆಚ್ಚುಕಮ್ಮಿ ಅದೇ ದಿಕ್ಕಿಗೆ.

ಹುಡುಗನಾಗಿದ್ದಾಗ ಕಂಡದ್ದನ್ನು ಮುನೀಮ ಕಾಕಾ ಅಷ್ಟು ವರ್ಷ ಡಿಗ್ರಿ ಲೆಕ್ಕದಲ್ಲಿ ಇಟ್ಟುಕೊಂಡಿದ್ದರು. ಗಂಜಿನ ಲೆಕ್ಕದವರು ಅಂದರೆ ಸುಮ್ಮನೆ ಅಲ್ಲ.

ಈಗ ಉಪಗ್ರಹ ಆಫ್ರಿಕಾದ ಮೇಲೆ ಹೇಗೆ ಬಂತು ಅನ್ನೋ ಮಾತು. ಎಂಜಿನಿಯರಿಂಗ್ ನೋಡೋಕೆ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಎಟಿಎಸ್-6 ಹಾರಿದ್ದು 1974ರ ಮೇ 30ರಂದು. ಮೊದಲ ವರ್ಷ ಅದು ಅಮೆರಿಕದ ಕೆಲಸ ಮಾಡ್ತಾ 94 ಡಿಗ್ರಿ ಪಶ್ಚಿಮದಲ್ಲಿ ನಿಂತಿತ್ತು. ಅಲ್ಲಿಂದ 35 ಡಿಗ್ರಿ ಪೂರ್ವಕ್ಕೆ ತರಬೇಕು. 129 ಡಿಗ್ರಿ ಅಂದರೆ ಭೂಮಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಹೊಸಬರಿಗೆ ಈ ಕೆಲಸವನ್ನು ಆಟದಲ್ಲಿ ಕೊಟ್ಟರೆ ಮೂತಿ ಪೂರ್ವಕ್ಕೆ ತಿರುಗಿಸಿ ಎಂಜಿನ್ ಹಚ್ಚುತ್ತಾರೆ. ಆಗ ಉಪಗ್ರಹ ಪಶ್ಚಿಮಕ್ಕೆ ಹಿಂದೆ ಬೀಳುತ್ತದೆ! ಮುಂದೆ ದೂಡಿದರೆ ಕಕ್ಷೆ ಮೇಲೇರುತ್ತದೆ, ಮೇಲಿನ ಕಕ್ಷೆಯಲ್ಲಿ ಸುತ್ತು ನಿಧಾನ, ಕೆಳಗೆ ಭೂಮಿ ಅದನ್ನು ದಾಟಿ ತಿರುಗಿಬಿಡುತ್ತದೆ. ಮುಂದೆ ಹೋಗಬೇಕಂದರೆ ಬ್ರೇಕ್ ಹಾಕಬೇಕು. ಬ್ರೇಕ್ ಹಾಕಿದರೆ ಕೆಳಗೆ ಇಳೀತದೆ, ಕೆಳಗೆ ಸುತ್ತು ಬೇಗ ಮುಗೀತದೆ, ಪೂರ್ವಕ್ಕೆ ಸರೀತದೆ. ಬೇಕಾದ ಜಾಗ ಬಂದಾಗ ಮತ್ತೆ ಅಷ್ಟೇ ದೂಡಿ ಮೊದಲಿನ ಎತ್ತರಕ್ಕೆ ಏರಿಸಿದರೆ ಅಲ್ಲೇ ನಿಲ್ಲುತ್ತದೆ.

ಲೆಕ್ಕ ಹೀಗಿದೆ: ಕಕ್ಷೆ 78 ಕಿ.ಮೀ. ಕೆಳಗಿಳಿದರೆ ದಿನಕ್ಕೆ ಒಂದು ಡಿಗ್ರಿ ಪೂರ್ವಕ್ಕೆ ತೇಲುತ್ತದೆ. ಅಷ್ಟು ಇಳಿಸೋಕೆ ಬೇಕಾದ ವೇಗದ ಬದಲಾವಣೆ ಸೆಕೆಂಡಿಗೆ 3 ಮೀಟರಿಗಿಂತಲೂ ಕಡಿಮೆ. ನಾವು ಸೈಕಲ್ ಮೆಲ್ಲಗೆ ತುಳಿಯೋ ವೇಗ ಅದು. ಸೆಕೆಂಡಿಗೆ 3 ಕಿಲೋಮೀಟರ್ ಓಡ್ತಿರೋ ಯಂತ್ರವನ್ನು ಸೈಕಲ್ ವೇಗದಷ್ಟು ಮುಟ್ಟಿ ಒಂದು ಖಂಡ ದಾಟಿಸೋದು. ಹಂಗ ಮೆಲ್ಲಗೆ ತೇಲಿಕೊಂಡು ಎಟಿಎಸ್-6 1975ರ ಜುಲೈ ಹೊತ್ತಿಗೆ ವಿಕ್ಟೋರಿಯಾ ಸರೋವರದ ಹತ್ತಿರ ಬಂತು. ಭಾರತದ ನೆತ್ತಿಯ ಮೇಲೇ ಯಾಕೆ ತರಲಿಲ್ಲ ಅಂದರೆ, ಅದು ಸ್ಪೇನಿನ ಮ್ಯಾಡ್ರಿಡ್ ಹತ್ತಿರ ನಾಸಾ ಇಟ್ಟಿದ್ದ ನೆಲದ ಕೇಂದ್ರಕ್ಕೂ ಕಾಣಬೇಕಿತ್ತು. ನಮ್ಮ ಕೆಲಸಕ್ಕಿಂತ ಮೊದಲು ಅದಕ್ಕೆ ಇನ್ನೊಂದು ಕೆಲಸವೂ ಇತ್ತು: ಜುಲೈ 17ರಂದು ಅಮೆರಿಕದ ಅಪೋಲೋ, ರಷ್ಯದ ಸೋಯುಜ್ ನೌಕೆಗಳು ಕಕ್ಷೆಯಲ್ಲಿ ಕೂಡಿಕೊಂಡವಲ್ಲ, ಆ ಹಾರಾಟದ ಟೀವಿ ಚಿತ್ರ ದಾಟಿಸಿದ್ದು ಇದೇ ಎಟಿಎಸ್-6. ಅದಾಗಿ ಎರಡು ವಾರಕ್ಕೆ ಅದೇ ಉಪಗ್ರಹ ರಾಯಚೂರಿನ ಹಳ್ಳಿಗೆ ಒಕ್ಕಲುತನದ ಪಾಠ ಹೇಳ್ತಿತ್ತು.

ಆಕಾಶದ ತುದಿಯಲ್ಲಿ ಅಮೆರಿಕದ ಸಾಮಾನು. ಆದರೆ ನೆಲದ ತುದಿ ಪೂರ್ತಿ ನಮ್ಮದು. ಅಹಮದಾಬಾದಿನಿಂದ ಕಾರ್ಯಕ್ರಮ ಮೇಲೆ ಕಳಿಸೋದು, ಎಟಿಎಸ್-6 ತನ್ನ ಒಂಬತ್ತು ಮೀಟರಿನ ಬಲೆಯ ಛತ್ರಿಯಿಂದ ಅದನ್ನು ಕೆಳಗೆ ಸುರಿಯೋದು. ಹಳ್ಳಿಯಲ್ಲಿ ಅದನ್ನು ಹಿಡಿಯೋದು ಹತ್ತು ಅಡಿ ಅಗಲದ ಇನ್ನೊಂದು ಛತ್ರಿ. ಉಪಗ್ರಹ ಕಳಿಸ್ತಿದ್ದದ್ದು 80 ವ್ಯಾಟಿನ ಶಕ್ತಿಯಲ್ಲಿ, ಒಂದು ದೊಡ್ಡ ಬಲ್ಬಿನಷ್ಟು. ಅದು ಇಡೀ ದೇಶದ ಮೇಲೆ ಹರಡಿದಾಗ ಒಂದು ಊರಿನ ಪಾಲಿಗೆ ಬರೋದೆಷ್ಟು ಅಂತ ನೀವೇ ಯೋಚಿಸಿ.

ಕೋಳಿ ಜಾಲರಿ ಯಾಕೆ ನಡೀತು? ಕಳಿಸ್ತಿದ್ದ ಅಲೆಯ ಆವರ್ತನ 860 ಮೆಗಾಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 35 ಸೆಂ.ಮೀ. ಅಷ್ಟು ಉದ್ದದ ಅಲೆಗೆ ಒಂದು ಎರಡು ಸೆಂ.ಮೀ. ತೂತಿನ ಜಾಲರಿಯೂ ಗಟ್ಟಿ ತಗಡೇ. ಗಾಳಿ ಮಾತ್ರ ತೂತಿನಿಂದ ಸರಾಗ ಹೋಗ್ತದೆ, ಹಂಗಾಗಿ ಛತ್ರಿ ಹಾರಿಹೋಗೋದಿಲ್ಲ. ತಗಡಿಗಿಂತ ಅಗ್ಗ, ಹಗುರ. ಇನ್ನೊಂದು ಲಾಭ: ಈ ಅಳತೆಯ ಛತ್ರಿಗೆ ಕಾಣೋ ಆಕಾಶದ ತುಣುಕು ಸುಮಾರು ಎಂಟು ಡಿಗ್ರಿ ಅಗಲ. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ ಮುಚ್ಚುತ್ತದೆ, ಅದಕ್ಕಿಂತ ಸ್ವಲ್ಪ ಕಡಿಮೆ. ದನ ಬಂದು ಮೈ ತಿಕ್ಕಿ ಛತ್ರಿ ಒಂದೆರಡು ಡಿಗ್ರಿ ಸರಿದರೂ ಚಿತ್ರ ಹೋಗೋದಿಲ್ಲ. ಹಳ್ಳಿಗೆ ಯಂತ್ರ ಮಾಡೋದು ಅಂದರೆ ಇದು. ನಾನು ಬರೆಯೋ ಸಾಫ್ಟ್‌ವೇರಿಗೆ ದನ ಮೈ ತಿಕ್ಕಿದರೆ ಏನಾಗ್ತದೆ ಅಂತ ಯೋಚಿಸಿ ಡಿಸೈನ್ ಮಾಡೋರನ್ನು ನಾನಂತೂ ಕಂಡಿಲ್ಲ.

ಟೀವಿ ಸೆಟ್ಟುಗಳನ್ನು ಮಾಡಿದ್ದು ಹೈದರಾಬಾದಿನ ಇಸಿಐಎಲ್. ಕನ್ನಡ, ತೆಲುಗು ಕಾರ್ಯಕ್ರಮಗಳು ತಯಾರಾಗ್ತಿದ್ದದ್ದೂ ಹೈದರಾಬಾದಿನಲ್ಲೇ. ಇದರಲ್ಲೊಂದು ಮಜಾ ಇದೆ. ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸೋ ವ್ಯವಸ್ಥೆ ಇತ್ತು. ಹಂಗಾಗಿ ಆಂಧ್ರಕ್ಕೂ ಕರ್ನಾಟಕಕ್ಕೂ ಒಂದೇ ಚಿತ್ರ. ಆ ಕಡೆಯ ಊರಿನ ಸೆಟ್ಟಿನಲ್ಲಿ ತೆಲುಗು, ಈ ಕಡೆಯ ಸೆಟ್ಟಿನಲ್ಲಿ ಕನ್ನಡ. ಗಡಿಯಲ್ಲಿ ಬೆಳೆದ ನನಗೆ ಇದು ತುಂಬಾ ಹತ್ತಿರದ್ದು ಅನಿಸ್ತದೆ. ಬೀದರಿನ ಸಂತೆಯಲ್ಲಿ ಒಂದೇ ಬದನೆಕಾಯಿಯನ್ನು ನಾಲ್ಕು ಭಾಷೆಯಲ್ಲಿ ಚೌಕಾಸಿ ಮಾಡ್ತೀವಲ್ಲ, ಹಂಗ.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಗ್ಗೆ ಒಂದೂವರೆ ಗಂಟೆ ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ: ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ನಡುನಡುವೆ ಹಾಡು ಕುಣಿತ. ಎಲ್ಲಾ ಒಳ್ಳೆಯದೇ ಆಗಿತ್ತು ಅಂತ ನಾನು ಹೇಳೋದಿಲ್ಲ. ಸಂಜೆಯ ಹೊತ್ತಿನಲ್ಲಿ ಅರ್ಧ ಗಂಟೆ ದಿಲ್ಲಿಯಿಂದ ಎಲ್ಲಾ ರಾಜ್ಯಕ್ಕೂ ಒಂದೇ ಕಾರ್ಯಕ್ರಮ, ಹಿಂದಿಯಲ್ಲಿ. ಕಾಲ ಯಾವುದು ನೋಡಿ: ಜೂನ್ 25ರಂದು ತುರ್ತು ಪರಿಸ್ಥಿತಿ, ಆಗಸ್ಟ್ 1ರಂದು ಸೈಟ್. ಮೊದಲ ಸಲ ಟೀವಿ ಕಂಡ ಹಳ್ಳಿಗೆ ಸರ್ಕಾರದ ಮಾತು ಬಿಟ್ಟು ಇನ್ನೊಂದು ಮಾತು ಕೇಳೋ ದಾರಿಯೇ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಅಲೆ ಬರೀ ಕೆಳಗೆ ಬರ್ತಿತ್ತು, ಮೇಲೆ ಹೋಗ್ತಿರಲಿಲ್ಲ. ಈ ಮಾತು ತಾಂತ್ರಿಕವಾಗಿಯೂ ನಿಜ, ಇನ್ನೊಂದು ಅರ್ಥದಲ್ಲಿಯೂ ನಿಜ.

ಅದೇ ವರ್ಷ ಏಪ್ರಿಲ್ 19ರಂದು ಆರ್ಯಭಟ ಹಾರಿತ್ತು. ನಮ್ಮ ಉಡುಪಿ ಕಡೆಯ ಯು.ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ 360 ಕೆ.ಜಿ.ಯ ಉಪಗ್ರಹ. ಅದರ ಚಿತ್ರ ಎರಡು ರೂಪಾಯಿ ನೋಟಿನ ಮೇಲೆ ಬಂತು, ಶಾಲೆಯ ಪುಸ್ತಕದಲ್ಲಿ ಬಂತು. ಬರಬೇಕಾದದ್ದೇ. ಆದರೆ ವಿದ್ಯುತ್ ಕೈಕೊಟ್ಟು ಅದರ ಪ್ರಯೋಗಗಳು ಐದೇ ದಿನಕ್ಕೆ ನಿಂತವು. ಸೈಟ್ ಒಂದು ವರ್ಷ ಪೂರ್ತಿ ನಡೀತು, ಸಾವಿರಾರು ಊರಿನಲ್ಲಿ. ಅದಕ್ಕೆ ಯಾವ ನೋಟೂ ಇಲ್ಲ. ಕೋಳಿ ಜಾಲರಿಯ ಛತ್ರಿಯನ್ನು ನೋಟಿನ ಮೇಲೆ ಯಾರು ಹಾಕ್ತಾರೆ?

1976ರ ಜುಲೈ 31ಕ್ಕೆ ಎರವಲು ಮುಗಿಯಿತು. ನಾಸಾ ಉಪಗ್ರಹವನ್ನು ವಾಪಸ್ ತೆಗೆದುಕೊಂಡಿತು. ಈ ಸಲ ಕಕ್ಷೆ ಸ್ವಲ್ಪ ಎತ್ತರಿಸಿದರು, ಅದು ಪಶ್ಚಿಮಕ್ಕೆ ತೇಲಿಕೊಂಡು ಹೋಯಿತು. ಕೆಳಗೆ ಸೆಟ್ಟುಗಳು ಉಳಿದವು, ಛತ್ರಿಗಳು ಉಳಿದವು, ಚಿತ್ರ ಇರಲಿಲ್ಲ. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಟ್ರಾನ್ಸ್‌ಮಿಟರ್ ಬಂತು, ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲು. ಆದರೆ ಟ್ರಾನ್ಸ್‌ಮಿಟರ್ ಸುತ್ತಮುತ್ತ ಮಾತ್ರ ಮುಟ್ಟುತ್ತದೆ. ಉಪಗ್ರಹ ಮುಟ್ಟಿದ್ದ ಎಲ್ಲಾ ಊರನ್ನೂ ಅದು ಮುಟ್ಟಲಿಲ್ಲ. ಕಾಕಾ ಅಂದದ್ದು ಇಷ್ಟೇ: "ಒಂದ್ ದಿನ ಬರೀ ಸುಂಯ್ ಅಂತು. ಮಾಸ್ತರ್ ಹೊಡೆದು ನೋಡಿದ್ರು, ಬರಲಿಲ್ಲ." ಆಮೇಲೆ ಆ ಜಾಲರಿ ಏನಾಯಿತು ಅಂತ ಕೇಳಿದೆ. ಯಾರೋ ಬಿಚ್ಚಿಕೊಂಡು ಹೋಗಿ ಕೋಳಿ ಗೂಡು ಮಾಡಿದರಂತೆ. ನಕ್ಕರು, ಹಂಗಾಗಿ ಇದು ನಿಜವೋ ಚೇಷ್ಟೆಯೋ ನೀವೇ ನೋಡಿಕೊಳ್ಳಿ.

ನಮ್ಮ ಬೀದರ್ ಜಿಲ್ಲೆ ಆ ಮೂರರ ಪಟ್ಟಿಯಲ್ಲಿ ಇರಲಿಲ್ಲ. ಪಕ್ಕದ ಗುಲ್ಬರ್ಗಾದ ತನಕ ಬಂದ ಆಕಾಶ ಭಾಲ್ಕಿ, ಔರಾದಿಗೆ ಬರಲಿಲ್ಲ. ಇದಕ್ಕೆ ಭೌತಶಾಸ್ತ್ರದ ಕಾರಣ ಒಂದೂ ಇಲ್ಲ. ಎಟಿಎಸ್-6ರ ಅಲೆ ಬೀದರಿನ ಮೇಲೂ ಬೀಳ್ತಿತ್ತು. ನಮ್ಮೂರ ಹೊಲದ ಮೇಲೆ, ಗಾಂಧಿ ಗಂಜಿನ ತೊಗರಿ ಚೀಲದ ಮೇಲೆ, ದಿನಕ್ಕೆ ನಾಲ್ಕು ಗಂಟೆ, ಒಂದು ವರ್ಷ. ಅದರ ಜೊತೆಯ ಕನ್ನಡದ ಧ್ವನಿ ಕೂಡ. ಹಿಡಿಯೋಕೆ ಹತ್ತು ಅಡಿ ಜಾಲರಿ, ಒಂದು ಪೆಟ್ಟಿಗೆ ಬೇಕಿತ್ತು ಅಷ್ಟೇ. ಶ್ರೀಲಂಕಾದಲ್ಲಿ ಬರಹಗಾರ ಆರ್ಥರ್ ಸಿ. ಕ್ಲಾರ್ಕ್ ಮನೆಗೆ ಇಸ್ರೋದವರೇ ಹೋಗಿ ಒಂದು ಛತ್ರಿ ಹಾಕಿಕೊಟ್ಟಿದ್ದರು. ಕೊಲಂಬೋದಲ್ಲಿ ಅವರು ನಮ್ಮ ಹಳ್ಳಿಗಳ ಕಾರ್ಯಕ್ರಮ ನೋಡಿದರು, ಭಾಲ್ಕಿಯವರು ನೋಡಲಿಲ್ಲ.

ಸೈಟ್‌ನಲ್ಲಿ ಕಲಿತದ್ದು ಇನ್ಸಾಟ್ ಉಪಗ್ರಹಗಳಿಗೆ ಬಂತು. 1983ರ ಆಗಸ್ಟ್‌ನಲ್ಲಿ ಚಾಲೆಂಜರ್ ಷಟಲ್ ಒಯ್ದು ಬಿಟ್ಟ ಇನ್ಸಾಟ್-1ಬಿಯನ್ನು ನಮ್ಮ ಹಾಸನದಲ್ಲಿ ಕುಂತು ನಡೆಸಿದರು. ಈಗ ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ 32 ಮೀಟರಿನ ಡಿಶ್ ಇದೆ, ಮಂಗಳದ ಸುತ್ತ ತಿರುಗಿದ ನೌಕೆಯ ದನಿ ಹಿಡಿದದ್ದು ಅದು. ಅದರ ಚಿತ್ರ ನೋಡಿದಾಗೆಲ್ಲಾ ನನಗೆ ಹತ್ತು ಅಡಿಯದ್ದೇ ನೆನಪಾಗ್ತದೆ.

ಎಟಿಎಸ್-6 ಅನ್ನು 1979ರಲ್ಲಿ ಆರಿಸಿ, ಉಳಿದ ಉಪಗ್ರಹಗಳ ದಾರಿಗೆ ಅಡ್ಡ ಬಾರದ ಹಂಗ ಇನ್ನೂ ಮೇಲಕ್ಕೆ ದೂಡಿದರು. ಅಷ್ಟು ಎತ್ತರದಲ್ಲಿ ಗಾಳಿ ಇಲ್ಲ, ಬೀಳೋ ಮಾತೇ ಇಲ್ಲ. ಎತ್ತರದ ಕಕ್ಷೆ ಆದ್ದರಿಂದ ಅದು ಇವತ್ತಿಗೂ ಮೆಲ್ಲಗೆ ಪಶ್ಚಿಮಕ್ಕೆ ಸರೀತಾ ಭೂಮಿಯ ಸುತ್ತ ಇದೆ. ಹಂಗ ಸರಿಯುವಾಗ ಆಗೀಗ 77 ಡಿಗ್ರಿಯ ನಮ್ಮ ರೇಖೆಯನ್ನೂ ದಾಟಲೇಬೇಕು. ಆರ್ಬಿಟರ್‌ನಲ್ಲಿ ಒಂದನ್ನು ಹಂಗೇ ಬಿಟ್ಟು, ಕಾಲದ ಓಟ ಹೆಚ್ಚಿಸಿ ನೋಡಿದೆ. ಛತ್ರಿ ಬಿಚ್ಚಿಕೊಂಡೇ ಹೋಗ್ತದೆ, ಬೀದರ್ ದಾಟಿ, ಗುಲ್ಬರ್ಗಾ ದಾಟಿ, ಆಫ್ರಿಕಾದ ಕಡೆಗೆ.