ಕುರಿಗಾಹಿಯ ಒಂದು ದಿನ

ಕಳೆದ ತಿಂಗಳು ಮದುವೆಯೊಂದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಭೇಟಿಯಾದ. ಈಗ ಅವನೇ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಊಟದ ಸಾಲಿನಲ್ಲಿ ನಿಂತಿದ್ದಾಗ, “ಸಾರ್, ನಡುವೆ ಒಂದು ಹಾಡನ್ನೂ ಬಿಡದೆ ಮೊದಲಿನಿಂದ ಕೊನೆಯವರೆಗೆ ಕೇಳಬಹುದಾದ ಆಲ್ಬಂ ಯಾವುದಾದರೂ ಇದೆಯೇ?” ಎಂದು ಕೇಳಿದ. ಒಂದೇ ಒಂದನ್ನು ಹೇಳಬೇಕೆಂದರೆ ‘ಕಾಲ್ ಆಫ್ ದ ವ್ಯಾಲಿ’ ಎಂದೆ. ಅಷ್ಟರಲ್ಲಿ ಪಂಕ್ತಿಗೆ ಕರೆ ಬಂದು ಮಾತು ಅಲ್ಲಿಗೇ ನಿಂತಿತು. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇತಿಹಾಸದ ಮೇಷ್ಟರಾದ್ದರಿಂದ ಸ್ವಲ್ಪ ಹಿಂದಿನಿಂದಲೇ ಆರಂಭಿಸುತ್ತೇನೆ. ಆತುರವಿರುವವರು ಮುಂದೆ ಹೋಗಬಹುದು, ಆದರೆ ಈ ಬರಹದ ವಿಷಯವೇ ಹಾಗೆ ಮುಂದೆ ಹೋಗಬಾರದೆಂಬುದು!

‘ಆಲ್ಬಂ’ ಎಂಬ ಮಾತು ಸಂಗೀತಕ್ಕೆ ಬಂದದ್ದು ಪುಸ್ತಕದಿಂದ. ಹಳೆಯ ಅರಗಿನ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಪಾಶ್ಚಾತ್ಯರ ಒಂದು ದೀರ್ಘ ಕೃತಿಗೆ ಹಲವು ತಟ್ಟೆಗಳು ಬೇಕಾಗುತ್ತಿದ್ದುದರಿಂದ ಅವನ್ನು ಫೋಟೋ ಆಲ್ಬಮ್ಮಿನಂತೆ ದಪ್ಪ ಕಾಗದದ ಚೀಲಗಳಲ್ಲಿಟ್ಟು, ಹೊತ್ತಗೆಯಾಗಿ ಕಟ್ಟಿ ಮಾರುತ್ತಿದ್ದರು. ನಮ್ಮವರಿಗೆ ಆ ಭಾಗ್ಯವೂ ಇರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಂದಿನಿಂದ ನಮ್ಮ ಗಾಯಕರು ಒಂದು ರಾಗವನ್ನೇ ಮೂರು ನಿಮಿಷಕ್ಕೆ ಕುಗ್ಗಿಸುವ ವಿದ್ಯೆಯನ್ನು ಕಲಿಯಬೇಕಾಯಿತು. ನಮ್ಮ ಗಂಗೂಬಾಯಿ ಹಾನಗಲ್ಲರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ನೀಡಿದ ಆರಂಭದ ತಟ್ಟೆಗಳೂ ಈ ಬಗೆಯವೇ. ಗಂಟೆಗಟ್ಟಲೆ ಹರಿಯಬಲ್ಲ ಹೊಳೆಯನ್ನು ತಂಬಿಗೆಯಲ್ಲಿ ಹಿಡಿದಂತೆ. ಆ ತಂಬಿಗೆಯ ನೀರೂ ಸಿಹಿಯಾಗಿಯೇ ಇತ್ತೆಂಬುದು ಬೇರೆ ಮಾತು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ನಿಮಿಷಕ್ಕೆ ಮೂವತ್ಮೂರೂ ಮೂರನೆಯ ಒಂದು ಸುತ್ತು ತಿರುಗುವ ಲಾಂಗ್ ಪ್ಲೇ ತಟ್ಟೆಯನ್ನು ಹೊರತಂದಿತು. ಗೀರುಗಳು ಸೂಕ್ಷ್ಮವಾದವು, ಒಂದೊಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಅವಕಾಶ ದೊರೆಯಿತು. ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ವಾದನದ ಲಾಂಗ್ ಪ್ಲೇ ಅಮೆರಿಕದಲ್ಲಿ 1955ರಲ್ಲಿ ಬಂದಾಗ ನಮ್ಮ ರಾಗಕ್ಕೆ ಕಾಲು ಚಾಚಿ ಕುಳಿತುಕೊಳ್ಳುವಷ್ಟು ಜಾಗ ಸಿಕ್ಕಿತು. ಅದರ ಶೀರ್ಷಿಕೆಯಲ್ಲಿಯೇ ಬೆಳಗಿನ ಮತ್ತು ಸಂಜೆಯ ರಾಗಗಳೆಂಬ ಮಾತಿತ್ತು. ಬೆಳಗಿಗೂ ಸಂಜೆಗೂ ನಡುವಿನ ಇಡೀ ದಿನವನ್ನೇ ತಟ್ಟೆಯ ಮೇಲೆ ತರುವ ಯೋಚನೆ ಕೈಗೂಡಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು.

‘ಕಾಲ್ ಆಫ್ ದ ವ್ಯಾಲಿ’, ಅಂದರೆ ಕಣಿವೆಯ ಕರೆ, ಎಚ್.ಎಂ.ವಿ.ಯವರು 1967ರಲ್ಲಿ ಹೊರತಂದ ತಟ್ಟೆ. (ಇಂಗ್ಲೆಂಡಿನ ಬೀಟಲ್ಸ್ ತಂಡದವರು ಹಾಡುಗಳ ನಡುವೆ ಬಿಡುವೇ ಇಲ್ಲದಂತೆ ಹೆಣೆದು ‘ಸಾರ್ಜೆಂಟ್ ಪೆಪ್ಪರ್’ ತಂದದ್ದೂ ಅದೇ ವರ್ಷ.) ಇದನ್ನು ನಿರ್ಮಿಸಿದವರು ಸ್ವತಃ ಮರಾಠಿ ಭಾವಗೀತೆಗಳ ಗಾಯಕರಾಗಿದ್ದ ಜಿ.ಎನ್. ಜೋಶಿಯವರು. ನುಡಿಸಿದವರು ಮೂವರು. ಸಂತೂರಿನಲ್ಲಿ ಜಮ್ಮುವಿನ ಶಿವಕುಮಾರ ಶರ್ಮಾ, ಕೊಳಲಿನಲ್ಲಿ ಅಲಹಾಬಾದಿನ ಹರಿಪ್ರಸಾದ ಚೌರಾಸಿಯಾ, ಗಿಟಾರಿನಲ್ಲಿ ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ. ತಬಲಾ ಮಾಣಿಕರಾವ್ ಪೋಪಟ್ಕರ್ ಅವರದು. ಮೊದಲಿಬ್ಬರು ಹುಟ್ಟಿದ್ದು 1938ರಲ್ಲಿ, ಕಾಬ್ರಾ 1937ರಲ್ಲಿ. ಎಂದರೆ ಮೂವರೂ ಮೂವತ್ತರ ಆಸುಪಾಸಿನವರು. ಇಂದು ನಾವು ‘ಪಂಡಿತ್’ ಎಂದು ಕೈಮುಗಿಯುವ ಹೆಸರುಗಳು ಅಂದು ಇನ್ನೂ ತಮ್ಮ ಸ್ಥಾನಕ್ಕಾಗಿ ಹೆಣಗುತ್ತಿದ್ದವು.

ಹೆಣಗಾಟವೆಂದೆನಲ್ಲ, ಅದಕ್ಕೆ ಕಾರಣವುಂಟು. ಸಂತೂರು ಕಾಶ್ಮೀರದ ಸೂಫಿಯಾನಾ ಸಂಗೀತಕ್ಕೆ ಸೇರಿದ ವಾದ್ಯ. ನೂರರಷ್ಟು ತಂತಿಗಳನ್ನು ಎರಡು ಪುಟ್ಟ ಮರದ ಕಡ್ಡಿಗಳಿಂದ ಮೀಟುವುದು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲದ ವಾದ್ಯದಲ್ಲಿ ರಾಗ ಹೇಗೆ ಸಾಧ್ಯವೆಂದು ವಿಮರ್ಶಕರು ಹುಬ್ಬೇರಿಸಿದರು. ಶರ್ಮಾ ಅವರು 1955ರಲ್ಲಿ ಮುಂಬಯಿಯಲ್ಲಿ ಮೊದಲ ಕಛೇರಿ ನಡೆಸಿದ ಬಳಿಕವೂ ವಾದ್ಯದ ತಂತಿಗಳ ಜೋಡಣೆಯನ್ನು ತಿದ್ದಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸುವ ಕ್ರಮವನ್ನು ರೂಢಿಸಿಕೊಂಡರು. ಇನ್ನು ಗಿಟಾರು. ಅದು ಸಿನಿಮಾ ಹಾಡುಗಳ ಹಿನ್ನೆಲೆಗೆ ಮಾತ್ರ ಎಂದುಕೊಂಡಿದ್ದ ಕಾಲ. ಅಲಿ ಅಕ್ಬರ್ ಖಾನರ ಶಿಷ್ಯರಾದ ಕಾಬ್ರಾ ಅದರ ತಂತಿಗಳ ಮೇಲೆ ಲೋಹದ ಸರಳನ್ನು ಜಾರಿಸಿ ರಾಗ ನುಡಿಸಿದರು. ಕೊಳಲೊಂದಕ್ಕೆ ಮಾತ್ರ ಪನ್ನಾಲಾಲ್ ಘೋಷರು ಆಗಲೇ ದಾರಿ ಮಾಡಿಟ್ಟಿದ್ದರು. ಸಂಪ್ರದಾಯದ ಮನೆಯ ಹೊಸ್ತಿಲಾಚೆ ನಿಂತಿದ್ದ ಎರಡು ವಾದ್ಯಗಳೂ ಒಳಗೆ ಈಚೆಗಷ್ಟೇ ಬಂದಿದ್ದ ಒಂದೂ ಸೇರಿ ಮಾಡಿದ ಸಾಹಸವಿದು.

ಕಥೆ ಸರಳ. ಕಾಶ್ಮೀರದ ಕಣಿವೆಯ ಕುರಿಗಾಹಿಯೊಬ್ಬನ ಒಂದು ದಿನ. ಮೊದಲ ಮಗ್ಗುಲಲ್ಲಿ ಅಹೀರ್ ಭೈರವ್, ನಟ್ ಭೈರವ್, ಬಳಿಕ ಪೀಲೂ. ಎರಡನೆಯದರಲ್ಲಿ ಭೂಪ್, ದೇಸ್, ಪಹಾಡಿ. ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಕ್ಕೊಂದು ಹೊತ್ತು ಉಂಟಷ್ಟೆ. ಭೈರವದ ಬಗೆಗಳು ಬೆಳಗಿನವು, ಪೀಲೂ ಹಗಲು ಇಳಿಯುವಾಗಿನದು, ಭೂಪ್ ದೀಪ ಹಚ್ಚಿದ ಬಳಿಕದ್ದು, ದೇಸ್ ಇನ್ನೂ ತಡವಾಗಿ. ಪಹಾಡಿ ಹೆಸರೇ ಹೇಳುವಂತೆ ಬೆಟ್ಟದವರ ರಾಗ. ಆದ್ದರಿಂದ ಇಲ್ಲಿ ಒಂದನ್ನು ಹಾರಿಸಿದರೆ ಒಂದು ಹಾಡು ತಪ್ಪುವುದಿಲ್ಲ, ಮಧ್ಯಾಹ್ನವೇ ತಪ್ಪಿಹೋಗುತ್ತದೆ. ಬೆಳಗಿನಿಂದ ನೇರವಾಗಿ ದೀಪ ಹಚ್ಚುವ ಹೊತ್ತಿಗೆ ಬಂದು ಬೀಳುತ್ತೇವೆ. ಒಟ್ಟು ನಲವತ್ತು ನಿಮಿಷದೊಳಗೆ ಒಂದು ದಿನ. ಮಾತೊಂದೂ ಇಲ್ಲ.

ನಾನು ಇದನ್ನು ಮೊದಲು ಕೇಳಿದ್ದು 1984ರಲ್ಲಿ, ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ. ಸರಸ್ವತೀಪುರದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಯಜಮಾನರು ನಿವೃತ್ತ ಇಂಜಿನಿಯರು. ಭಾನುವಾರ ಬೆಳಿಗ್ಗೆ ತಟ್ಟೆ ಹಾಕಿ ನನ್ನನ್ನು ಕರೆಯುತ್ತಿದ್ದರು. ಮಾತನಾಡಕೂಡದು, ಮುಳ್ಳನ್ನು ಎತ್ತಕೂಡದು ಎಂಬ ಎರಡೇ ನಿಯಮ. ಕರ್ನಾಟಕ ಸಂಗೀತ ಬಲ್ಲವರಾದ್ದರಿಂದ ಅಹೀರ್ ಭೈರವ್ ಮೊದಲಾಗುತ್ತಲೇ “ನಮ್ಮ ಚಕ್ರವಾಕ” ಎಂದು ತಾವೇ ನಿಯಮ ಮುರಿಯುತ್ತಿದ್ದರು.

ಪರೀಕ್ಷೆ ಮುಗಿಸಿ ಊರಿಗೆ ಹೊರಡುವ ಮುನ್ನ ಅವರಿಂದ ಆ ತಟ್ಟೆಯನ್ನೂ ಒಂದು ಸಿತಾರಿನ ತಟ್ಟೆಯನ್ನೂ ಕೇಳಿ ಪಡೆದು ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿಗೆ ಹೋದೆ. ಅರವತ್ತು ನಿಮಿಷದ ಒಂದೇ ಕ್ಯಾಸೆಟ್ಟಿನಲ್ಲಿ ಎರಡೂ ಹಿಡಿಯುತ್ತವೆಂದು ಅಂಗಡಿಯಾತ ಭರವಸೆ ಕೊಟ್ಟ. ಮೂವತ್ತು ನಿಮಿಷದ ಮಗ್ಗುಲಿಗೆ ನಲವತ್ತು ನಿಮಿಷದ ಸಂಗೀತ ಹೇಗೆ ಹಿಡಿಯುತ್ತದೆಂಬ ಲೆಕ್ಕ ಅವನಿಗಿರಲಿ, ಬಿ.ಎಡ್. ಮುಗಿಸಿದ ನನಗೂ ಹೊಳೆಯಲಿಲ್ಲ. ಊರಿಗೆ ಬಂದು ಹಾಕಿದರೆ ದೇಸ್ ರಾಗದ ನಡುವೆ ಟಕ್ಕೆಂದು ನಿಂತಿತು. ಪಹಾಡಿ ಇಲ್ಲವೇ ಇಲ್ಲ. ಮೊದಮೊದಲು ಬೇಸರವಾಯಿತು. ವರ್ಷಗಳು ಕಳೆದಂತೆ ಪಹಾಡಿ ಹೇಗಿತ್ತೆಂಬುದೂ ಮರೆತು, ನಮ್ಮ ಮನೆಯ ಮಟ್ಟಿಗೆ ಕುರಿಗಾಹಿಯ ದಿನ ಆ ಟಕ್ ಎಂಬ ಸದ್ದಿಗೇ ಮುಗಿಯುವಂತಾಯಿತು.

ಮದುವೆಯಾದ ಮೇಲೆ ಅದು ನನಗಿಂತ ನನ್ನ ಪತ್ನಿಯ ಕ್ಯಾಸೆಟ್ ಆಯಿತು. ಸಂಜೆ ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರೆ ಅವಳು ಟೇಪ್ ರೆಕಾರ್ಡರನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಮೊದಲಿನಿಂದ ಹಚ್ಚುತ್ತಿದ್ದಳು. ಸಂಜೆಯಲ್ಲಿ ಬೆಳಗಿನ ರಾಗವೇ ಎಂದು ನಾನು ಆಕ್ಷೇಪಿಸಿದರೆ, “ಬೆಳಿಗ್ಗೆ ನನಗೆ ಪುರುಸೊತ್ತು ಎಲ್ಲಿದೆ ಅಂದ್ರೆ?” ಎನ್ನುತ್ತಿದ್ದಳು. ಅವಳ ಅಡುಗೆಗೆ ಅದೇ ಗಡಿಯಾರ. ಭೂಪ್ ಆರಂಭವಾದರೆ, “ಮೋಹನ ಬಂತು” ಎಂದು ಅನ್ನಕ್ಕಿಡುವಳು. ಟಕ್ ಎಂದಾಗ ಮಕ್ಕಳನ್ನು ತಟ್ಟೆ ಹಾಕಲು ಕರೆಯುವಳು. ಕೆಲವೊಮ್ಮೆ, “ಇದರ ಮುಂದೆ ಏನಿತ್ತು ಅಂದ್ರೆ?” ಎಂದು ಕೇಳಿದ್ದುಂಟು. “ಪಹಾಡಿ, ಚೆನ್ನಾಗಿತ್ತು” ಎನ್ನುವುದರಾಚೆ ನನಗೆ ಹೇಳಲಾಗುತ್ತಿರಲಿಲ್ಲ. ಒಂದು ಹೊಸ ಕ್ಯಾಸೆಟ್ ತರಬಹುದಿತ್ತು. ಬೆಂಗಳೂರಿಗೆ ಹೋದಾಗ ತಂದರಾಯಿತೆಂದು ಮುಂದೂಡುತ್ತಲೇ ಹೋದೆ.

ಒಮ್ಮೆ ಅದನ್ನು ಒಂಬತ್ತನೆಯ ತರಗತಿಗೂ ಒಯ್ದಿದ್ದೆ. ಶನಿವಾರದ ಕೊನೆಯ ಪೀರಿಯಡ್. ಹತ್ತು ನಿಮಿಷ ಸುಮ್ಮನಿದ್ದ ಹಿಂದಿನ ಬೆಂಚಿನವನೊಬ್ಬ ಎದ್ದುನಿಂತು, “ಸಾರ್, ಹಾಡು ಯಾವಾಗ ಶುರು ಆಗುತ್ತೆ?” ಎಂದು ಕೇಳಿದ. ಇದನ್ನು ಓದುತ್ತಿದ್ದರೆ ಅವನಿಗೆ ತನ್ನ ನೆನಪಾದೀತು. ಹೆಸರು ಹೇಳುವುದಿಲ್ಲ.

ಕ್ಯಾಸೆಟ್ಟಿನ ಕಾಲದಲ್ಲಿ ಹಾಡು ಹಾರಿಸುವುದು ಸುಲಭದ ಕೆಲಸವಾಗಿರಲಿಲ್ಲ. ಗುಂಡಿ ಒತ್ತಿ ಅಂದಾಜಿನ ಮೇಲೆ ಓಡಿಸಿ, ಹೆಚ್ಚಾದರೆ ಹಿಂದಕ್ಕೆ ಓಡಿಸಿ, ಟೇಪು ಸಿಕ್ಕಿಕೊಂಡರೆ ಪೆನ್ಸಿಲಿನಿಂದ ಸುತ್ತಬೇಕು. ಅದಕ್ಕಿಂತ ಕೇಳುವುದೇ ಲೇಸು ಎನಿಸುತ್ತಿತ್ತು. 1982ರಲ್ಲಿ ಹುಟ್ಟಿದ ಸಿ.ಡಿ. ನಮ್ಮ ಮನೆಗಳಿಗೆ ಬರುವ ಹೊತ್ತಿಗೆ ಮುಂದಿನ ಹಾಡಿಗೆ ಹಾರಲು ಒಂದು ಬೆರಳು ಸಾಕಾಯಿತು. ನಾನು ಯಂತ್ರವನ್ನು ದೂರುತ್ತಿಲ್ಲ, ಏಕೆಂದರೆ ನನಗೆ ಪಹಾಡಿ ಮರಳಿ ಸಿಕ್ಕಿದ್ದು ಸಿ.ಡಿ.ಯಿಂದಲೇ.

ಅದನ್ನು 2008ರಲ್ಲಿ ತಂದುಕೊಟ್ಟವನು ನನ್ನ ತಂಗಿಯ ಮಗ. ಆಗ ನನ್ನ ಪತ್ನಿ ತೀರಿಕೊಂಡು ಮೂರು ವರ್ಷವಾಗಿತ್ತು. ಒಂದು ಸಂಜೆ ಒಬ್ಬನೇ ಕುಳಿತು ಹಚ್ಚಿದೆ. ದೇಸ್ ನಡುವೆ, ಟಕ್ ಎನ್ನಬೇಕಾದ ಜಾಗ ಬಂದಾಗ, ಅಭ್ಯಾಸಬಲದಿಂದ ಕುರ್ಚಿಯಿಂದ ಅರ್ಧ ಎದ್ದಿದ್ದೆ. ಸಂಗೀತ ನಿಲ್ಲಲಿಲ್ಲ. ದೇಸ್ ತನ್ನಷ್ಟಕ್ಕೆ ಮುಗಿಯಿತು, ಪಹಾಡಿ ಆರಂಭವಾಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕುರಿಗಾಹಿಯನ್ನು ನಾವು ಮನೆಗೆ ಹೋಗಗೊಡದೆ ನಡುದಾರಿಯಲ್ಲಿ ನಿಲ್ಲಿಸಿದ್ದೆವು. ಅವಳು ಕೇಳಿದ ಪ್ರಶ್ನೆಗೆ ಉತ್ತರ ಐದಾರು ನಿಮಿಷದ್ದು. ಅಷ್ಟೇ.

ಆ ಸಿ.ಡಿ.ಯಲ್ಲಿ ಪಹಾಡಿಯಾದ ಮೇಲೆ ಮೂಲ ತಟ್ಟೆಯಲ್ಲಿಲ್ಲದ ಇನ್ನೂ ಮೂರನ್ನು ಸೇರಿಸಿದ್ದಾರೆ. ಜಾಗ ಉಳಿದಿತ್ತು, ತುಂಬಿಸಿದ್ದಾರೆ. ಚೆನ್ನಾಗಿಯೇ ನುಡಿಸಿದ್ದಾರೆ, ಆದರೆ ರಾತ್ರಿಯಾದ ಮೇಲೆ ಮತ್ತೆ ಬಂದ ಅತಿಥಿಗಳಂತೆ ಕಾಣುತ್ತಾರೆ. ಕಾಬ್ರಾ 2018ರಲ್ಲಿ, ಶಿವಕುಮಾರ ಶರ್ಮಾ 2022ರ ಮೇ ತಿಂಗಳಲ್ಲಿ ತೀರಿಕೊಂಡರು. ಎರಡು ಸಲವೂ ಅದನ್ನು ಮೊದಲಿನಿಂದ ಕೇಳಿದೆ. ಪಹಾಡಿ ಮುಗಿಯುತ್ತಲೇ ಎದ್ದು, ಯಂತ್ರ ನಿಲ್ಲಿಸಿ, ಅನ್ನಕ್ಕಿಡಲು ಒಳಗೆ ಹೋದೆ.