ಗೋಲಿನ ಲೆಕ್ಕಕ್ಕೆ ಸಿಗದ ಫಾರ್ವರ್ಡ್: ಟೋಸ್ಟಾವ್ ಅವರ ಆಟಜೀವನದ ಮರುಪರಿಶೀಲನೆ

1969ರ ಆಗಸ್ಟ್‌ನಲ್ಲಿ ನಡೆದ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಬ್ರೆಜಿಲ್ ಆರು ಪಂದ್ಯ ಆಡಿ ಆರನ್ನೂ ಗೆದ್ದಿತು. ತಂಡ ಹೊಡೆದ 23 ಗೋಲುಗಳಲ್ಲಿ 10 ಟೋಸ್ಟಾವ್ ಅವರವು, 6 ಪೆಲೆ ಅವರವು. ಮರುವರ್ಷದ ಜೂನ್‌ನಲ್ಲಿ ಮೆಕ್ಸಿಕೊದಲ್ಲಿ ಬ್ರೆಜಿಲ್ ಮತ್ತೆ ಆರು ಪಂದ್ಯ ಆಡಿ, 19 ಗೋಲು ಹೊಡೆದು ಕಪ್ ಎತ್ತಿತು. ಅಲ್ಲಿ ಟೋಸ್ಟಾವ್ ಹೆಸರಿಗೆ ಬಂದದ್ದು ಎರಡೇ ಗೋಲು. ಎರಡೂ ಪೆರು ವಿರುದ್ಧದ ಒಂದೇ ಪಂದ್ಯದಲ್ಲಿ. ಈ ಇಳಿಕೆಗೆ ಸಾಮಾನ್ಯವಾಗಿ ಕೊಡುವ ಕಾರಣ ನಡುವೆ ಅವರ ಕಣ್ಣಿಗೆ ಬಿದ್ದ ಪೆಟ್ಟು. ಇನ್ನೊಂದು ವಿವರಣೆ ಈಚಿನದು: ಅವರು ಕಾಲಕ್ಕೆ ಮುಂಚೆ ಹುಟ್ಟಿದ ‘ಫಾಲ್ಸ್ ನೈನ್’, ಎಂದರೆ ಮುಂದಿನ ಜಾಗ ಬಿಟ್ಟು ಹಿಂದಕ್ಕೆ ಸರಿದು ಆಡಿದ ಫಾರ್ವರ್ಡ್. ಎರಡೂ ವಿವರಣೆಗಳು ಸಾಲವು ಎಂಬುದು ಈ ಲೇಖನದ ವಾದ. ಮೆಕ್ಸಿಕೊದಲ್ಲಿ ಟೋಸ್ಟಾವ್ ಹಿಂದಕ್ಕೆ ಸರಿಯಲಿಲ್ಲ. ತಮಗೆ ಒಗ್ಗಿದ ಜಾಗ ಬಿಟ್ಟು ಮುಂದಕ್ಕೆ ಹೋದರು.

ಎಡ್ವಾರ್ಡೊ ಗೊನ್ಸಾಲ್ವಿಸ್ ಡಿ ಆಂದ್ರಾಡೆ ಹುಟ್ಟಿದ್ದು 1947ರ ಜನವರಿ 25ರಂದು, ಮಿನಾಸ್ ಜೆರಾಯ್ಸ್ ರಾಜ್ಯದ ರಾಜಧಾನಿ ಬೆಲೊ ಹಾರಿಜಾಂಟೆಯಲ್ಲಿ. ಟೋಸ್ಟಾವ್ ಎಂಬುದು ಬಾಲ್ಯದಿಂದ ಅಂಟಿಕೊಂಡ ಅಡ್ಡಹೆಸರು. ಆಗ ಬ್ರೆಜಿಲ್ ಫುಟ್‌ಬಾಲ್ ಎಂದರೆ ರಿಯೊ ಮತ್ತು ಸಾವೊ ಪಾಲೊ. ಉಳಿದ ರಾಜ್ಯಗಳ ಕ್ಲಬ್‌ಗಳು ತಮ್ಮೂರಿನ ಪಂದ್ಯಾವಳಿ ಗೆದ್ದುಕೊಂಡು ಸುಮ್ಮನಿರಬೇಕಿತ್ತು. 1965ರ ಸೆಪ್ಟೆಂಬರ್‌ನಲ್ಲಿ ಬೆಲೊ ಹಾರಿಜಾಂಟೆಯಲ್ಲಿ ಮಿನೆರಾವ್ ಕ್ರೀಡಾಂಗಣ ತೆರೆಯಿತು. ಅಲ್ಲಿಂದ 1969ರವರೆಗೆ ಸತತ ಐದು ವರ್ಷ ಆ ಊರಿನ ಕ್ರುಜೇರೊ ಕ್ಲಬ್ ರಾಜ್ಯ ಪ್ರಶಸ್ತಿ ಗೆದ್ದಿತು. ಆ ತಂಡದ ನಡುಬಿಂದು ಟೋಸ್ಟಾವ್ ಮತ್ತು ಡಿರ್ಸೆವು ಲೋಪೆಸ್ ಅವರ ಜೋಡಿ.

1966ರಲ್ಲಿ ರಾಷ್ಟ್ರಮಟ್ಟದ ಟಾಸಾ ಬ್ರೆಜಿಲ್ ಕಪ್‌ನ ಫೈನಲ್‌ನಲ್ಲಿ ಕ್ರುಜೇರೊಗೆ ಎದುರಾದದ್ದು ಸ್ಯಾಂಟೋಸ್. ಪೆಲೆ ಇದ್ದ ಆ ತಂಡ 1961ರಿಂದ 1965ರವರೆಗೆ ಐದು ಬಾರಿ ಒಂದೇ ಸಮ ಈ ಕಪ್ ಗೆದ್ದಿತ್ತು. ನವೆಂಬರ್ 30ರಂದು ಮಿನೆರಾವ್‌ನಲ್ಲಿ ಮೊದಲರ್ಧ ಮುಗಿಯುವ ಹೊತ್ತಿಗೆ ಕ್ರುಜೇರೊ 5–0 ಮುಂದಿತ್ತು. ಪಂದ್ಯ 6–2ಕ್ಕೆ ನಿಂತಿತು. ಒಂದು ವಾರದ ನಂತರ ಸಾವೊ ಪಾಲೊದ ಪಕಯೆಂಬು ಅಂಗಳದಲ್ಲಿ ಸ್ಯಾಂಟೋಸ್ ಮೊದಲರ್ಧದಲ್ಲೇ ಎರಡು ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ಟೋಸ್ಟಾವ್ ಪೆನಾಲ್ಟಿಯೊಂದನ್ನು ಕಳೆದುಕೊಂಡರು, ಆಮೇಲೆ ಫ್ರೀಕಿಕ್‌ನಿಂದ ಗೋಲು ಹೊಡೆದರು. ಡಿರ್ಸೆವು ಲೋಪೆಸ್ ಸಮ ಮಾಡಿದರು, ನಟಾಲ್ ಗೆಲುವಿನ ಗೋಲು ಹಾಕಿದರು. ಫಲಿತಾಂಶ 3–2. ಮರುವರ್ಷ ರಿಯೊ–ಸಾವೊ ಪಾಲೊ ಪಂದ್ಯಾವಳಿಯ ಬಾಗಿಲು ಮಿನಾಸ್ ಜೆರಾಯ್ಸ್ ಸೇರಿದಂತೆ ಹೊರರಾಜ್ಯಗಳ ಕ್ಲಬ್‌ಗಳಿಗೆ ತೆರೆದದ್ದರ ಹಿಂದೆ ಈ ಎರಡು ಪಂದ್ಯಗಳ ಒತ್ತಡ ಇತ್ತು. ಒಬ್ಬ ಆಟಗಾರನ ಜೀವನಚರಿತ್ರೆಯಲ್ಲಿ ಇಂಥ ಸಾಂಸ್ಥಿಕ ಬದಲಾವಣೆಯನ್ನು ಗೋಲುಗಳಿಗಿಂತ ಮೇಲಿಡಬೇಕು ಎಂಬುದು ನನ್ನ ಅಭಿಪ್ರಾಯ.

ಕ್ರುಜೇರೊದಲ್ಲಿ ಟೋಸ್ಟಾವ್ ಎಲ್ಲಿ ಆಡುತ್ತಿದ್ದರು ಎಂಬುದು ಇಲ್ಲಿ ಮುಖ್ಯ. ತಂಡದ ಸೆಂಟರ್ ಫಾರ್ವರ್ಡ್ ಅವರಲ್ಲ, ಇವಾಲ್ಡೊ. ಟೋಸ್ಟಾವ್ 8ನೇ ಅಂಗಿ ತೊಟ್ಟು ಇವಾಲ್ಡೊ ಅವರ ಹಿಂದಿನಿಂದ ನುಗ್ಗಿ ಬರುತ್ತಿದ್ದರು; 10ನೇ ಅಂಗಿ ಡಿರ್ಸೆವು ಲೋಪೆಸ್ ಅವರದು. 1970ರ ತಂಡದ ಬಗ್ಗೆ ಬರೆಯುವವರೆಲ್ಲ ‘ಐವರು ಹತ್ತನೇ ನಂಬರಿನವರನ್ನು ಒಟ್ಟಿಗೆ ಆಡಿಸಿದ ತಂಡ’ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಟೋಸ್ಟಾವ್ ಮಟ್ಟಿಗಂತೂ ಆ ಮಾತು ನಿಲ್ಲುವುದಿಲ್ಲ.

1969ರ ಸೆಪ್ಟೆಂಬರ್ 24ರಂದು ಪಕಯೆಂಬುವಿನಲ್ಲಿ ಕೊರಿಂಥಿಯನ್ಸ್ ವಿರುದ್ಧ ಆಡುವಾಗ ಎದುರಾಳಿ ಡಿಫೆಂಡರ್ ಬಲವಾಗಿ ಒದ್ದ ಚೆಂಡು ಹತ್ತಿರದಿಂದಲೇ ಅವರ ಎಡಗಣ್ಣಿಗೆ ಬಡಿಯಿತು. ರೆಟಿನಾ ಕಳಚಿತು. ರೆಟಿನಾ ಎಂದರೆ ಕಣ್ಣಿನ ಒಳಗೋಡೆಗೆ ಅಂಟಿರುವ, ಬೆಳಕನ್ನು ಗ್ರಹಿಸುವ ಪದರ. ಅದು ಗೋಡೆಯಿಂದ ಬಿಟ್ಟುಕೊಂಡರೆ ರಕ್ತದ ಪೂರೈಕೆ ತಪ್ಪಿ, ಬೇಗ ಮತ್ತೆ ಕೂರಿಸದಿದ್ದರೆ ದೃಷ್ಟಿ ಹೋಗುತ್ತದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು, ತಿಂಗಳುಗಟ್ಟಲೆ ಆಟ ನಿಂತಿತು. ಚೇತರಿಸಿಕೊಂಡರೂ ಮತ್ತೊಂದು ಪೆಟ್ಟಿನ ಭಯ ಬೆನ್ನಿಗಿತ್ತು.

ಅವರು ಅಂಗಳಕ್ಕೆ ಮರಳುವ ಹೊತ್ತಿಗೆ ತರಬೇತುದಾರರೂ ಬದಲಾಗಿದ್ದರು. ಅರ್ಹತಾ ಸುತ್ತಿನಲ್ಲಿ ಟೋಸ್ಟಾವ್ ಮತ್ತು ಪೆಲೆ ಅವರನ್ನು ಜೋಡಿಯಾಗಿ ಆಡಿಸಿದ್ದ ಜುವಾವೊ ಸಲ್ದಾನ್ಯಾ 1970ರ ಮಾರ್ಚ್‌ನಲ್ಲಿ ಹುದ್ದೆ ಕಳೆದುಕೊಂಡರು. ಸಲ್ದಾನ್ಯಾ ಕಮ್ಯುನಿಸ್ಟ್, ದೇಶ ಸೇನೆಯ ಆಳ್ವಿಕೆಯಲ್ಲಿತ್ತು. ಅಧ್ಯಕ್ಷ ಮೆಡಿಸಿ ತಮ್ಮ ಮೆಚ್ಚಿನ ಆಟಗಾರ ಡಾರಿಯೊ ತಂಡದಲ್ಲಿರಬೇಕೆಂದು ಬಯಸಿದ್ದರು, ಸಲ್ದಾನ್ಯಾ ಒಪ್ಪಲಿಲ್ಲ ಎಂಬ ಕಥೆ ಪ್ರಸಿದ್ಧ. ರಾಜಕೀಯ ಇದ್ದದ್ದು ನಿಜವಾದರೂ ಸಲ್ದಾನ್ಯಾ ಅವರ ಸಿಟ್ಟನ್ನು ಮರೆಯುವಂತಿಲ್ಲ. ತಮ್ಮನ್ನು ಟೀಕಿಸಿದ ಇನ್ನೊಬ್ಬ ತರಬೇತುದಾರರನ್ನು ಹುಡುಕಿಕೊಂಡು ಅವರು ಪಿಸ್ತೂಲು ಹಿಡಿದು ಹೋದದ್ದುಂಟು. ಪೆಲೆ ಅವರ ದೃಷ್ಟಿ ಸರಿಯಿಲ್ಲ ಎಂಬ ಮಾತನ್ನು ಹಬ್ಬಿಸಿದವರೂ ಅವರೇ. ತಂಡದಲ್ಲಿ ನಿಜವಾಗಿ ಕಣ್ಣಿನ ತೊಂದರೆ ಇದ್ದವರು ಯಾರೆಂದು ಎಲ್ಲರಿಗೂ ಗೊತ್ತಿದ್ದಾಗ ಬಂದ ಮಾತು ಇದು.

ಹೊಸ ತರಬೇತುದಾರ ಜಗಾಲೊ ಅವರಿಗೆ ಮೊದಲು ಟೋಸ್ಟಾವ್ ಎಂದರೆ ಪೆಲೆ ಅವರ ಬದಲಿ ಆಟಗಾರ ಅಷ್ಟೇ. ಇಬ್ಬರೂ ಒಂದೇ ಜಾಗದವರು, ಮುಂದೆ ಬೇಕಾದದ್ದು ಪೆನಾಲ್ಟಿ ಬಾಕ್ಸ್‌ನಲ್ಲಿ ನಿಲ್ಲುವ ಅಪ್ಪಟ ಸೆಂಟರ್ ಫಾರ್ವರ್ಡ್ ಎಂಬುದು ಅವರ ಲೆಕ್ಕ. ಆ ಲೆಕ್ಕ ಬದಲಾದ ಬಗೆಗೆ ಟೋಸ್ಟಾವ್ ಅವರೇ ಹಲವು ಬಾರಿ ಬರೆದಿದ್ದಾರೆ: ಕ್ರುಜೇರೊದಲ್ಲಿ ತಮಗಾಗಿ ಇವಾಲ್ಡೊ ಮಾಡುತ್ತಿದ್ದ ಕೆಲಸವನ್ನು ರಾಷ್ಟ್ರೀಯ ತಂಡದಲ್ಲಿ ಪೆಲೆ ಅವರಿಗಾಗಿ ತಾವು ಮಾಡಿದ್ದಾಗಿ. ಈ ಹೇಳಿಕೆಯನ್ನು ಅಕ್ಷರಶಃ ತೆಗೆದುಕೊಂಡರೆ ಮೆಕ್ಸಿಕೊದ ಚಿತ್ರಗಳು ಬೇರೆಯಾಗಿ ಕಾಣುತ್ತವೆ. ಇವಾಲ್ಡೊ ಹಿಂದೆ ಬರುತ್ತಿದ್ದವರಲ್ಲ. ಡಿಫೆಂಡರುಗಳ ನಡುವೆ, ಗೋಲಿಗೆ ಬೆನ್ನು ಕೊಟ್ಟು ನಿಂತು, ಬಂದ ಚೆಂಡನ್ನು ಒಂದೇ ತಟ್ಟಿಗೆ ಹಿಂದಿನಿಂದ ಓಡಿ ಬರುವವನಿಗೆ ಒಪ್ಪಿಸುವುದು ಅವರ ಕೆಲಸ. ಅಲ್ಲಿ ನಿಂತವನಿಗೆ ಗೋಲು ಹೊಡೆಯುವ ಅವಕಾಶ ಕಡಿಮೆ, ಹೊಡೆಸುವ ಅವಕಾಶ ಹೆಚ್ಚು.

ಜೂನ್ 7ರಂದು ಗ್ವಾಡಲಹಾರಾದಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯ ನೋಡಬೇಕು. ಟೋಸ್ಟಾವ್ ಬದಲಿಗೆ ಇಳಿಯಲು ರೊಬೆರ್ಟೊ ಅಂಗಳದ ಅಂಚಿನಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. 59ನೇ ನಿಮಿಷದಲ್ಲಿ ಟೋಸ್ಟಾವ್ ಬಾಕ್ಸ್‌ನ ಎಡಗಡೆ ಚೆಂಡು ಹಿಡಿದು, ಬಾಬಿ ಮೂರ್ ಅವರ ಕಾಲುಗಳ ನಡುವೆ ದಾಟಿಸಿ, ಥಟ್ಟನೆ ತಿರುಗಿ, ಎಡಗಾಲಿನ ಆಟಗಾರರಾದರೂ ಬಲಗಾಲಿನಲ್ಲಿ ಕ್ರಾಸ್ ಹಾಕಿದರು. ಪೆಲೆ ಅದನ್ನು ಬಲಕ್ಕೆ ತಳ್ಳಿದರು, ಜೈರ್ಜಿನ್ಯೊ ಹೊಡೆದರು. ಪಂದ್ಯದ ಏಕೈಕ ಗೋಲು ಅದು. ಒಂಬತ್ತು ನಿಮಿಷದ ಬಳಿಕ ಟೋಸ್ಟಾವ್ ಹೊರಬಂದರು, ರೊಬೆರ್ಟೊ ಒಳಹೋದರು. ಸೆಮಿಫೈನಲ್‌ನಲ್ಲಿ ಉರುಗ್ವೆ 1–0 ಮುಂದಿದ್ದಾಗ ಕ್ಲೊಡೊಆಲ್ಡೊ ಅವರ ಸಮದ ಗೋಲಿಗೆ ಎಡದಿಂದ ಬಂದ ಪಾಸ್ ಟೋಸ್ಟಾವ್ ಅವರದು. ಜೈರ್ಜಿನ್ಯೊ ಅವರ ಎರಡನೇ ಗೋಲಿಗೂ ಅವರದೇ. ಪೆಲೆ ಚೆಂಡನ್ನು ಮುಟ್ಟದೆಯೇ ಗೋಲ್‌ಕೀಪರ್ ಮಜುರ್ಕಿಯೆವಿಚ್ ಅವರನ್ನು ದಾಟಿದ ಆ ಪ್ರಸಿದ್ಧ ಗಳಿಗೆಗೂ ಚೆಂಡು ಬಂದದ್ದು ಅವರ ಕಾಲಿನಿಂದಲೇ. ಈ ಚಲನೆಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದರೆ ಅವು ಮುಂದಕ್ಕೂ ಎಡಪಕ್ಕಕ್ಕೂ ಹೋಗುತ್ತವೆ. ಹಿಂದಕ್ಕೆ ಬಹಳ ಕಡಿಮೆ.

ಇಲ್ಲೇ ‘ಫಾಲ್ಸ್ ನೈನ್’ ಹೋಲಿಕೆ ಸಡಿಲವಾಗುವುದು. 1953ರ ನವೆಂಬರ್‌ನಲ್ಲಿ ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿದಾಗ ಹಂಗೇರಿಯ ಸೆಂಟರ್ ಫಾರ್ವರ್ಡ್ ಹಿಡೆಗ್‌ಕುಟಿ ಮಾಡಿದ್ದು ಹಿಂದಕ್ಕೆ ಇಳಿದು ಎದುರಾಳಿ ಸೆಂಟರ್ ಹಾಫ್‌ನನ್ನು ಗೊಂದಲಕ್ಕೆ ದೂಡುವ ಆಟ. ಜೊತೆಗೆ ಆರರಲ್ಲಿ ಮೂರು ಗೋಲು ಅವರೇ ಹೊಡೆದರು. 1970ರ ಜೂನ್ 21ರ ಫೈನಲ್‌ನಲ್ಲಿ ಟೋಸ್ಟಾವ್ ಕೆಲಸ ಇದಕ್ಕೆ ತಿರುಗುಮುರುಗು. ಇಟಲಿ ಒಬ್ಬೊಬ್ಬರ ಬೆನ್ನಿಗೂ ಒಬ್ಬೊಬ್ಬರನ್ನು ಬಿಟ್ಟು, ಹಿಂದೆ ಒಬ್ಬ ಸ್ವೀಪರ್‌ನನ್ನು ನಿಲ್ಲಿಸಿತ್ತು. ಟೋಸ್ಟಾವ್ ಚೆಂಡಿಲ್ಲದೆಯೂ ಆ ಸ್ವೀಪರ್ ಹತ್ತಿರವೇ ಉಳಿದು, ಆತ ಬೇರೆಯವರ ನೆರವಿಗೆ ಹೋಗದಂತೆ ನೋಡಿಕೊಂಡರು. ಜೈರ್ಜಿನ್ಯೊ ಒಳಕ್ಕೆ ಓಡಿದಾಗ ಅವರ ಬೆನ್ನು ಹತ್ತಿದ ಇಟಲಿಯ ಫಾಕೆಟ್ಟಿ ಬಲಪಾರ್ಶ್ವವನ್ನು ಖಾಲಿ ಬಿಟ್ಟರು. ಕಾರ್ಲೋಸ್ ಆಲ್ಬರ್ಟೊ ಅವರ ನಾಲ್ಕನೇ ಗೋಲು ಬಂದದ್ದು ಆ ಖಾಲಿಯಿಂದ. ಆ ಗೋಲಿನ ಮೂಲ ಮಾತ್ರ ನನ್ನ ವಾದಕ್ಕೆ ಅಪವಾದ: ತಮ್ಮದೇ ಅರ್ಧದ ಆಳಕ್ಕೆ ಓಡಿ ಬಂದು ಇಟಲಿಯವರನ್ನು ಅಡ್ಡಗಟ್ಟಿದವರು ಟೋಸ್ಟಾವ್. ಆದರೆ ಅದೇ ಚಲನೆ ಇನ್ನೊಂದು ತುದಿ ಮುಟ್ಟಿ ಪೆಲೆ ಬಲಕ್ಕೆ ಚೆಂಡು ಉರುಳಿಸುವಾಗ ಅವರು ಮತ್ತೆ ಮುಂದೆ, ಗೋಲಿಗೆ ಬೆನ್ನು ಕೊಟ್ಟು ನಿಂತಿದ್ದಾರೆ.

ಮುಂದಿನದನ್ನು ಬೇಗ ಹೇಳಬಹುದು. 1971ರಲ್ಲಿ ದಕ್ಷಿಣ ಅಮೆರಿಕದ ವರ್ಷದ ಆಟಗಾರ ಎಂಬ ಪ್ರಶಸ್ತಿ ಮೊದಲ ಬಾರಿಗೆ ಕೊಟ್ಟಾಗ ಅದು ಅವರಿಗೇ ಬಂತು. 1972ರಲ್ಲಿ ದೊಡ್ಡ ಮೊತ್ತಕ್ಕೆ ರಿಯೊದ ವಾಸ್ಕೊ ಡ ಗಾಮಾ ಕ್ಲಬ್ ಸೇರಿದರು. (ಆ ನಾವಿಕ ಕಲ್ಲಿಕೋಟೆಗೆ ಬಂದ ನಾನೂರನೇ ವರ್ಷ, 1898ರಲ್ಲಿ, ಹುಟ್ಟಿದ ಕ್ಲಬ್ ಅದು.) ಕಣ್ಣಿನ ತೊಂದರೆ ಮರುಕಳಿಸಿತು. 1973ರಲ್ಲಿ, 26ನೇ ವಯಸ್ಸಿನಲ್ಲಿ, ಆಟ ಬಿಟ್ಟರು. ಅಂತರರಾಷ್ಟ್ರೀಯ ಪಂದ್ಯಗಳನ್ನಷ್ಟೇ ಹಿಡಿದರೆ ಅವರದು 54 ಪಂದ್ಯ, 32 ಗೋಲು. ಕ್ಲಬ್ಬುಗಳ ವಿರುದ್ಧ ರಾಷ್ಟ್ರೀಯ ತಂಡ ಆಡಿದ ಪಂದ್ಯಗಳನ್ನೂ ಸೇರಿಸುವವರು ಹೆಚ್ಚು ಕೊಡುತ್ತಾರೆ.

ಆಮೇಲೆ ವೈದ್ಯಕೀಯ. ಬ್ರೆಜಿಲ್‌ನ ಇನ್ನೊಬ್ಬ ಆಟಗಾರ ಸಾಕ್ರಟೀಸ್ ಆಡುತ್ತಲೇ ಓದಿ ವೈದ್ಯರಾದವರು. ಟೋಸ್ಟಾವ್ ಆಟ ಬಿಟ್ಟ ಮೇಲೆ ಪುಸ್ತಕ ಹಿಡಿದು 1981ರಲ್ಲಿ ಪದವಿ ಪಡೆದರು, ರೋಗಿಗಳನ್ನು ನೋಡಿದರು, ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಸುಮಾರು ಎರಡು ದಶಕ ಫುಟ್‌ಬಾಲ್ ಲೋಕದಿಂದ ದೂರವಿದ್ದು, 1994ರ ವಿಶ್ವಕಪ್ ವೇಳೆಗೆ ವಿಶ್ಲೇಷಕರಾಗಿ ಮರಳಿದರು. ಹಳೆಯ ವಿಶ್ವಕಪ್ ವಿಜೇತರಿಗೆ ತಲಾ ಒಂದು ಲಕ್ಷ ರಿಯಾಲ್ ಕೊಡಲು 2012ರ ಕಾನೂನು ಅವಕಾಶ ಮಾಡಿದಾಗ ಸರ್ಕಾರದ ಹಣ ತಮಗೆ ಬೇಡವೆಂದರು.

ಅವರ ಪತ್ರಿಕಾ ಅಂಕಣಗಳನ್ನು ನೆನಪಿನ ಬರಹವೆಂದು ಬದಿಗಿಡಬಹುದು. ಅದು ತಪ್ಪು. ಬ್ರೆಜಿಲ್ ಫುಟ್‌ಬಾಲ್ ನಡುಅಂಗಳವನ್ನು ತಡೆಯುವವರು, ದಾಳಿ ಮಾಡುವವರು ಎಂದು ಎರಡು ತುಂಡು ಮಾಡಿ, ಎರಡನ್ನೂ ಬಲ್ಲ ಆಟಗಾರನನ್ನು ಕಳೆದುಕೊಂಡಿತು ಎಂಬುದು ಅಲ್ಲಿ ಅವರು ಮತ್ತೆ ಮತ್ತೆ ಮಂಡಿಸುವ ವಾದ. ಆ ವಾದದ ಹಿಂದೆ 1970ರ ತಂಡದ ನಡುಅಂಗಳದ ಆಟಗಾರರಾದ ಜೆರ್ಸನ್, ಕ್ಲೊಡೊಆಲ್ಡೊ ಅವರ ಆಟವನ್ನು ಮುಂದಿನ ತುದಿಯಿಂದ, ಗೋಲಿಗೆ ಬೆನ್ನು ಮಾಡಿ ನಿಂತು ನೋಡಿದವರ ಅನುಭವವಿದೆ. ಆ ತಂಡದ ಹೆಚ್ಚಿನ ಫಾರ್ವರ್ಡ್‌ಗಳ ಮುಖ ಗೋಲಿನ ಕಡೆಗಿರುತ್ತಿತ್ತು. ಟೋಸ್ಟಾವ್ ಅವರ ಮುಖ ತಮ್ಮ ತಂಡದ ಕಡೆಗೆ.